ಜೀವಕೋಶದ ಪೊರೆ: ಅದರ ರೂಪ ಮತ್ತು ರೂಪಾಂತರ

ಜೀವಕೋಶದ ಚಿತ್ರವನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಬರೆದಿರುವೆವು. ಒಂದು ದುಂಡುಗೆರೆ, ಅದರ ನಡುವೆ ಕೋಶಕೇಂದ್ರ, ಅಲ್ಲಲ್ಲಿ ಕೆಲವು ಚುಕ್ಕೆಗಳು. ಹೊರಗಿನ ಗೆರೆಗೆ ಬಾಣದ ಗುರುತು ಹಾಕಿ 'ಕೋಶಪೊರೆ' ಎಂದು ಹೆಸರಿಟ್ಟರೆ ಅದರ ವಿಚಾರ ಅಲ್ಲಿಗೆ ಮುಗಿಯಿತು. ಈ ಚಿತ್ರ ಸುಳ್ಳಲ್ಲ. ಆದರೆ ಓಡುವ ಕುದುರೆಯ ಒಂದು ಛಾಯಾಚಿತ್ರವನ್ನು ನೋಡಿ ಕುದುರೆಯು ಕಲ್ಲಿನ ಬೊಂಬೆಯೆಂದು ತಿಳಿದರೆ ಹೇಗೋ, ಈ ಗೆರೆಯನ್ನು ನೋಡಿ ಪೊರೆಯು ಸ್ಥಿರವಾದ ಗೋಡೆಯೆಂದು ತಿಳಿಯುವುದೂ ಹಾಗೆಯೆ. ಜೀವವಿರುವ ಕೋಶದಲ್ಲಿ ಈ ಪೊರೆಯು ಕ್ಷಣಕ್ಷಣವೂ ಬಾಗುತ್ತ, ಕುಳಿಬೀಳುತ್ತ, ಚಿವುಟಿ ಹೋಗುತ್ತ, ಮತ್ತೆ ಬೆಸೆಯುತ್ತ ಇರುವುದು. ಕೋಶವು ಉಣ್ಣುವುದೂ, ನರವು ಸಂದೇಶವನ್ನು ಸಾಗಿಸುವುದೂ, ಒಂದು ಕೋಶ ಎರಡಾಗುವುದೂ ಈ ಬದಲಾವಣೆಯಿಂದಲೇ. ಮಲೇರಿಯಾದಂತಹ ರೋಗವು ನಮ್ಮ ರಕ್ತಕಣವನ್ನು ಹೊಗುವುದೂ ಪೊರೆಯ ಮಾರ್ಗವಾಗಿಯೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಮಾಡೋಣ.

ಪೊರೆಯ ರಚನೆ

ಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರು. ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗಮಾಡಿದರೆ ಅಂತಹ ಐದು ಭಾಗ. ನಮ್ಮ ನೋಟುಪುಸ್ತಕದ ಒಂದು ಹಾಳೆಯ ದಪ್ಪಕ್ಕೆ ಸರಿಹೋಗಬೇಕಾದರೆ ಸುಮಾರು 20,000 ಪೊರೆಗಳನ್ನು ಒಂದರ ಮೇಲೊಂದು ಅಡಕಬೇಕು. ಇದು ಮುಖ್ಯವಾಗಿ ಕೊಬ್ಬಿನ ಜಾತಿಯ ಅಣುಗಳಿಂದ ಆಗಿರುವುದು. ಈ ಅಣುಗಳಿಗೆ ಲಿಪಿಡುಗಳೆಂದು ಹೆಸರು. ಇವುಗಳ ತಲೆಯು ನೀರನ್ನು ಬಯಸುವುದು. ಎರಡು ಬಾಲಗಳು ನೀರನ್ನು ದ್ವೇಷಿಸುವುವು. ನೀರಿನಲ್ಲಿ ಬಿಟ್ಟರೆ ಇವು ಯಾರ ಅಪ್ಪಣೆಯನ್ನೂ ಕಾಯದೆ ಎರಡು ಸಾಲಾಗಿ ನಿಲ್ಲುವುವು: ತಲೆಗಳು ಹೊರಕ್ಕೆ, ಬಾಲಗಳು ಒಳಕ್ಕೆ.

ಪೊರೆಯಲ್ಲಿ ಎರಡು ಪದರಗಳಿವೆಯೆಂದು 1925ರಲ್ಲಿಯೇ ಗಾರ್ಟರ್ ಮತ್ತು ಗ್ರೆಂಡಲ್ ಎಂಬ ಡಚ್ ವಿಜ್ಞಾನಿಗಳು ಊಹಿಸಿದರು. ಅವರ ಉಪಾಯ ಸರಳವಾದುದು. ರಕ್ತಕಣಗಳಿಂದ ಲಿಪಿಡನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಅದು ಆ ಕಣಗಳ ಮೈಯಳತೆಯ ಎರಡರಷ್ಟು ಜಾಗವನ್ನು ಆವರಿಸಿತು. ಒಂದು ಮೈಗೆ ಎರಡು ಹೊದಿಕೆಯಷ್ಟು ಬಟ್ಟೆಯಿದ್ದರೆ ಹೊದಿಕೆ ಎರಡು ಮಡಿಕೆಯದೆಂದು ತಿಳಿಯಬೇಕಷ್ಟೆ. ಮುಂದೆ 1972ರಲ್ಲಿ ಸಿಂಗರ್ ಮತ್ತು ನಿಕೊಲ್ಸನ್ ಎಂಬವರು, ಈ ಇಮ್ಮಡಿ ಪದರವು ಎಣ್ಣೆಯಂತೆ ಹರಿಯುವ ಸ್ವಭಾವದ್ದೆಂದೂ, ಪ್ರೋಟೀನುಗಳು ಅದರಲ್ಲಿ ದೋಣಿಗಳಂತೆ ತೇಲುತ್ತಿರುವುವೆಂದೂ ಪ್ರತಿಪಾದಿಸಿದರು. ಕಾಶಿಮೇಡಿನ ಮೀನುಗಾರಿಕೆ ಬಂದರಿನಲ್ಲಿ ದೋಣಿಗಳು ಒಂದನ್ನೊಂದು ತಗುಲುತ್ತ ಸರಿದಾಡುವುದನ್ನು ನೋಡಿದ ರಾಯಪುರದ ಮಕ್ಕಳಿಗೆ ಈ ಕಲ್ಪನೆ ಕಷ್ಟವಾಗಲಾರದು.

ಹಿಗ್ಗದ ಬಟ್ಟೆ

ಹರಿಯುವ ಗುಣವಿದ್ದ ಮಾತ್ರಕ್ಕೆ ಪೊರೆಯು ರಬ್ಬರಿನಂತೆ ಹಿಗ್ಗುವುದೆಂದು ಭಾವಿಸಬಾರದು. ಅದನ್ನು ಬಾಗಿಸುವುದು ಸುಲಭ, ಹಿಗ್ಗಿಸುವುದು ಕಷ್ಟ. ಅದರ ವಿಸ್ತೀರ್ಣವು ನೂರಕ್ಕೆ ನಾಲ್ಕೈದರಷ್ಟು ಹೆಚ್ಚಿದರೆ ಸಾಕು, ಹರಿದುಹೋಗುವುದು. ಹಾಗಿದ್ದರೆ ಕೋಶವು ಆಕಾರವನ್ನು ಬದಲಾಯಿಸುವುದು ಹೇಗೆ? ಸೀರೆಯ ನೆರಿಗೆಯನ್ನು ನೆನೆದುಕೊಳ್ಳಿ. ಸೀರೆಯ ಬಟ್ಟೆ ಹಿಗ್ಗುವುದಿಲ್ಲ. ಆದರೂ ಉಟ್ಟವರು ದಾಪುಗಾಲು ಹಾಕಿದಾಗ ನೆರಿಗೆ ಬಿಚ್ಚಿ ಬಟ್ಟೆ ಒದಗುವುದು. ಕೋಶವೂ ತನ್ನ ಪೊರೆಯನ್ನು ನೆರಿಗೆಗಳಲ್ಲಿಯೂ, ಕುಳಿಗಳಲ್ಲಿಯೂ, ಒಳಗಿನ ಸಣ್ಣ ಸಂಚಿಗಳಲ್ಲಿಯೂ ಕೂಡಿಟ್ಟುಕೊಂಡಿರುವುದು. ಬೇಕಾದಾಗ ಹೊರಗೆ ತರುವುದು, ಬೇಡವಾದಾಗ ಒಳಗೆ ಎಳೆದುಕೊಳ್ಳುವುದು.

ಈ ಕೊಡುಕೊಳ್ಳುವಿಕೆಯ ಪ್ರಮಾಣವನ್ನು ಲೆಕ್ಕಹಾಕಿದರೆ ಆಶ್ಚರ್ಯವಾಗುತ್ತದೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ನುಂಗುವ ಕೋಶಗಳುಂಟು. ಇಂತಹ ಕೋಶಗಳ ಕಾರ್ಯವನ್ನು 1882ರಲ್ಲಿ ಇಟಲಿಯ ಮೆಸ್ಸಿನಾ ಎಂಬ ಕಡಲತೀರದ ಊರಿನಲ್ಲಿ ನಕ್ಷತ್ರಮೀನಿನ ಮರಿಗಳನ್ನು ಪರೀಕ್ಷಿಸುತ್ತಿದ್ದಾಗ ಮೆಚ್ನಿಕಾಫ್ ಎಂಬ ವಿಜ್ಞಾನಿಯು ಗುರುತಿಸಿ, ಮುಂದೆ 1908ರಲ್ಲಿ ನೊಬೆಲ್ ಬಹುಮಾನದ ಪಾಲು ಪಡೆದನು. ಇಂತಹ ಒಂದು ಭಕ್ಷಕಕೋಶವು ಸುಮ್ಮನೆ ಇರುವಾಗಲೂ ನಿಮಿಷಕ್ಕೆ ತನ್ನ ಹೊರಪೊರೆಯ ನೂರರಲ್ಲಿ ಮೂರು ಪಾಲನ್ನು ಸಣ್ಣ ಸಂಚಿಗಳಾಗಿ ಒಳಕ್ಕೆ ಎಳೆದುಕೊಳ್ಳುತ್ತಿರುವುದು. ಈ ಲೆಕ್ಕದಲ್ಲಿ ಸುಮಾರು ಅರ್ಧ ಗಂಟೆಯೊಳಗೆ ತನ್ನ ಇಡೀ ಹೊದಿಕೆಯಷ್ಟು ಪೊರೆಯನ್ನು ಅದು ನುಂಗಿಬಿಡುವುದು. ಆದರೂ ಕೋಶ ಕುಗ್ಗುವುದಿಲ್ಲ. ಏಕೆಂದರೆ ಒಳಗೆ ಹೋದಷ್ಟು ಪೊರೆ ಬೇರೆ ದಾರಿಯಿಂದ ಹೊರಗೆ ಬಂದು ಸೇರುತ್ತಿರುವುದು. ಕೆರೆಗೆ ಬಂದ ನೀರೂ ಕೋಡಿಯಿಂದ ಹೋದ ನೀರೂ ಸಮವಾಗಿದ್ದರೆ ಕೆರೆಯ ಮಟ್ಟ ಹೇಗೆ ಇದ್ದಂತೆಯೇ ಇರುವುದೋ, ಇದೂ ಹಾಗೆ.

ಕುಳಿಯಿಂದ ಸಂಚಿ

ಹೊರಗಿನ ವಸ್ತುವು ಒಳಗೆ ಬರುವ ಬಗೆಯನ್ನು ಮೊದಲು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು, ನಾವು ಬಹಳ ಬೇಸರದಿಂದ ನೋಡುವ ಒಂದು ಪ್ರಾಣಿ: ಸೊಳ್ಳೆ. ಹೆಣ್ಣುಸೊಳ್ಳೆಯು ರಕ್ತ ಕುಡಿದ ಬಳಿಕ ಅದರ ಮೊಟ್ಟೆಗಳಲ್ಲಿ ಭಂಡಾರದ ಪ್ರೋಟೀನು ತುಂಬಿಕೊಳ್ಳುತ್ತದೆ. ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯ (ಇದೇ ಡೆಂಗಿ ಜ್ವರವನ್ನು ಹರಡುವ ಸೊಳ್ಳೆ) ಮೊಟ್ಟೆಯ ಕೋಶವನ್ನು ರಾತ್ ಮತ್ತು ಪೋರ್ಟರ್ ಎಂಬವರು 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ರಕ್ತಪಾನವಾದ ಏಳು ಗಂಟೆಗಳಲ್ಲಿ ಪೊರೆಯ ಮೇಲಿನ ಸಣ್ಣ ಕುಳಿಗಳು ಹದಿನೈದು ಪಟ್ಟು ಹೆಚ್ಚಿ, ಒಂದೊಂದು ಮೊಟ್ಟೆಯ ಮೇಲೂ ಸುಮಾರು 3,00,000 ಕುಳಿಗಳಾದುವು! ಪ್ರತಿ ಕುಳಿಯ ಒಳಮಗ್ಗುಲಿಗೂ ಮುಳ್ಳುಮುಳ್ಳಾದ ಒಂದು ಲೇಪವಿದ್ದಿತು. ಕುಳಿಗಳು ಆಳವಾಗಿ, ಬಾಯಿ ಕಿರಿದಾಗಿ, ಕಡೆಗೆ ಕಳಚಿಕೊಂಡು ಸಂಚಿಗಳಾಗಿ ಒಳಸೇರುತ್ತಿದ್ದುವು.

ಆ ಲೇಪವೇನು? 1969ರಲ್ಲಿ ಜಪಾನಿನ ಕಾನಸೆಕಿ ಮತ್ತು ಕದೋತ ಎಂಬವರು, ಅದು ಸಂಚಿಯನ್ನು ಸುತ್ತಿಕೊಂಡಿರುವ ಬುಟ್ಟಿಯೆಂದು ಕಂಡುಕೊಂಡರು. ಕೇಂಬ್ರಿಜಿನ ಬಾರ್ಬರಾ ಪಿಯರ್ಸ್ ಎಂಬ ವಿದುಷಿಯು ಈ ಬುಟ್ಟಿಯ ಪ್ರೋಟೀನನ್ನು ಬೇರ್ಪಡಿಸಿ 1976ರಲ್ಲಿ ಅದಕ್ಕೆ ಕ್ಲಾಥ್ರಿನ್ ಎಂದು ಹೆಸರಿಟ್ಟಳು. ಇದರ ಒಂದೊಂದು ಘಟಕಕ್ಕೂ ಮೂರು ಬಾಗಿದ ಕಾಲುಗಳು. ಕಾಲಿಗೆ ಕಾಲು ಹೆಣೆದು ಇವು ಆರು ಬದಿಯ ಮತ್ತು ಐದು ಬದಿಯ ಕಣ್ಣುಗಳುಳ್ಳ ಬುಟ್ಟಿಯನ್ನು ಕಟ್ಟುವುವು.

ಇಲ್ಲಿ ರೇಖಾಗಣಿತದ ಒಂದು ರಸವತ್ತಾದ ನಿಯಮವನ್ನು ಗಮನಿಸಬೇಕು. ಬರಿಯ ಷಟ್ಕೋನಗಳನ್ನು ಜೋಡಿಸಿದರೆ ಜೇನುಗೂಡಿನ ಹಲ್ಲೆಯಂತೆ ಸಮತಲವಾದ ಹಾಸು ಆಗುವುದೇ ಹೊರತು ಗೋಳವಾಗದು. ಗೋಳ ಮುಚ್ಚಬೇಕಾದರೆ ನಡುನಡುವೆ ಪಂಚಕೋನಗಳು ಬರಬೇಕು. ಅದೂ ಸರಿಯಾಗಿ ಹನ್ನೆರಡು, ಹೆಚ್ಚಿಲ್ಲ, ಕಡಮೆಯಿಲ್ಲ. ಹಳೆಯ ಮಾದರಿಯ ಕಪ್ಪುಬಿಳುಪಿನ ಕಾಲ್ಚೆಂಡನ್ನು ಕೈಗೆ ತೆಗೆದುಕೊಂಡು ಎಣಿಸಿ ನೋಡಿ: 20 ಬಿಳಿಯ ಷಟ್ಕೋನಗಳು, 12 ಕರಿಯ ಪಂಚಕೋನಗಳು. ಮುಚ್ಚಿದ ಕ್ಲಾಥ್ರಿನ್ ಬುಟ್ಟಿಯಲ್ಲಿಯೂ ಷಟ್ಕೋನಗಳ ಸಂಖ್ಯೆ ಗಾತ್ರಕ್ಕೆ ತಕ್ಕಂತೆ ಬದಲಾಗುವುದು. ಪಂಚಕೋನಗಳು ಮಾತ್ರ ಹನ್ನೆರಡೇ. ಆಟದ ಮೈದಾನಕ್ಕೂ ಕೋಶದ ಒಳಮನೆಗೂ ಗಣಿತವು ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಬುಟ್ಟಿಯ ಜೊತೆಗೆ ಪೊರೆಯನ್ನು ಬಾಗಿಸುವ ಬೇರೆ ಪ್ರೋಟೀನುಗಳೂ ಇವೆ. ಕೆಲವು ಬಾಳೆಹಣ್ಣಿನಂತೆ ಬಾಗಿದ ಆಕಾರದವು. ಅವು ಅಂಟಿಕೊಂಡ ಕಡೆಯಲ್ಲಿ ಪೊರೆಯೂ ಅದೇ ಬಾಗನ್ನು ತಾಳುವುದು. ಇವೆಲ್ಲ ಎಷ್ಟು ಮುಖ್ಯವೆಂಬುದು ಕೆಲವು ಮಕ್ಕಳ ಕಾಯಿಲೆಯಿಂದ ತಿಳಿದುಬಂದಿತು. ಹುಟ್ಟಿನಿಂದಲೇ ರಕ್ತದಲ್ಲಿ ಕೊಲೆಸ್ಟರಾಲ್ ಅತಿಯಾಗಿ, ಎಳೆಯ ವಯಸ್ಸಿನಲ್ಲಿಯೇ ಹೃದ್ರೋಗಕ್ಕೆ ತುತ್ತಾಗುವ ಕುಟುಂಬಗಳುಂಟು. ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಎಂಬ ವೈದ್ಯರು, ಕೊಲೆಸ್ಟರಾಲನ್ನು ಹಿಡಿಯುವ ಗ್ರಾಹಕಗಳು ಕೆಟ್ಟಿರುವುದೇ ಇದಕ್ಕೆ ಕಾರಣವೆಂದು ತೋರಿಸಿದರು. ಒಬ್ಬ ರೋಗಿಯಲ್ಲಿ ಗ್ರಾಹಕಗಳು ಇದ್ದುವು, ಕೊಲೆಸ್ಟರಾಲನ್ನು ಹಿಡಿಯುತ್ತಲೂ ಇದ್ದುವು. ಆದರೆ ಅವು ಕುಳಿಗಳಲ್ಲಿ ಬಂದು ಕೂಡುತ್ತಿರಲಿಲ್ಲ. ಪ್ರಯಾಣಿಕರು ಟಿಕೆಟ್ಟು ಹಿಡಿದು ನಿಂತರೂ ಗಾಡಿ ನಿಲ್ಲುವ ಪ್ಲಾಟ್‌ಫಾರಮ್ಮಿಗೆ ಬಾರದಿದ್ದರೆ ಪ್ರಯಾಣ ಸಾಗದಷ್ಟೆ! ಈ ಸಂಶೋಧನೆಗೆ 1985ರಲ್ಲಿ ನೊಬೆಲ್ ಬಹುಮಾನ ಸಂದಿತು.

ಕುತ್ತಿಗೆಯನ್ನು ಕತ್ತರಿಸುವ ಕೆಲಸ

ಕುಳಿಯು ಎಷ್ಟೇ ಆಳವಾದರೂ ಅದರ ಕುತ್ತಿಗೆ ತುಂಡಾಗದೆ ಸಂಚಿಯಾಗದು. ಈ ಕತ್ತರಿಯು ದೊರೆತದ್ದು ಹಣ್ಣಿನ ನೊಣಗಳಿಂದ. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಈ ಪುಟ್ಟ ನೊಣಗಳಲ್ಲಿ ಒಂದು ವಿಚಿತ್ರ ಸಂತತಿಯನ್ನು ಕೆನಡಾ ದೇಶದ ವ್ಯಾಂಕೂವರಿನಲ್ಲಿ ಸುಜುಕಿ ಎಂಬ ವಿಜ್ಞಾನಿಯ ತಂಡದವರು 1970ರ ದಶಕದ ಆದಿಯಲ್ಲಿ ಬೇರ್ಪಡಿಸಿದರು. ಈ ನೊಣಗಳು ತಂಪಿನಲ್ಲಿ ಚೆನ್ನಾಗಿಯೇ ಇರುವುವು. 29 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಯ್ದರೆ ಒಂದೆರಡು ನಿಮಿಷಗಳಲ್ಲಿ ಮರಗಟ್ಟಿ ಬಿದ್ದುಬಿಡುವುವು. ಮತ್ತೆ ತಣಿಸಿದರೆ ಎದ್ದು ಹಾರುವುವು. ಇವಕ್ಕೆ ಜಪಾನೀ ಭಾಷೆಯಲ್ಲಿ ಮರಗಟ್ಟುವುದೆಂಬ ಅರ್ಥದ 'ಶಿಬಿರೆ' ಎಂಬ ಹೆಸರು ಬಂದಿತು.

ಇದರ ರಹಸ್ಯ ಒಂದೊಂದಾಗಿ ಬಿಚ್ಚಿತು. ನರದ ತುದಿಯಲ್ಲಿ ಸುಮಾರು 40 ನ್ಯಾನೊಮೀಟರು ಅಗಲದ ಸಂಚಿಗಳಿವೆ. ಅವು ಪೊರೆಯೊಡನೆ ಬೆಸೆದು ರಾಸಾಯನಿಕ ಸಂದೇಶವನ್ನು ಹೊರಚೆಲ್ಲುವುವು. ಚೆಲ್ಲಿದ ಮೇಲೆ ಆ ಪೊರೆಯಿಂದಲೇ ಹೊಸ ಸಂಚಿಗಳನ್ನು ಚಿವುಟಿಕೊಳ್ಳಬೇಕು. ಶಿಬಿರೆ ನೊಣದಲ್ಲಿ ಶಾಖ ಏರಿದಾಗ ಚೆಲ್ಲುವ ಕೆಲಸ ನಡೆಯುತ್ತದೆ, ಚಿವುಟುವ ಕೆಲಸ ನಿಲ್ಲುತ್ತದೆ. ಸಂಚಿಗಳೆಲ್ಲ ಮುಗಿದು ನರ ಮೂಕವಾಗುವುದು. 1983ರಲ್ಲಿ ಕೊಸಾಕ ಮತ್ತು ಇಕೆಡ ಎಂಬವರು ಇಂತಹ ನೊಣಗಳ ನರದಲ್ಲಿ, ಕುತ್ತಿಗೆಗೆ ಪಟ್ಟಿ ಕಟ್ಟಿದಂತೆ ಅರ್ಧದಲ್ಲಿ ನಿಂತ ಕುಳಿಗಳನ್ನು ಕಂಡರು. ಇತ್ತ 1989ರಲ್ಲಿ ಎಳೆಗರುವಿನ ಮೆದುಳಿನಿಂದ ಡೈನಮಿನ್ ಎಂಬ ಪ್ರೋಟೀನು ದೊರೆತಿದ್ದಿತು. 1991ರಲ್ಲಿ, ಶಿಬಿರೆ ನೊಣದಲ್ಲಿ ಕೆಟ್ಟಿರುವ ಪ್ರೋಟೀನು ಈ ಡೈನಮಿನ್ನೇ ಎಂದು ಗೊತ್ತಾಯಿತು. ಡೈನಮಿನ್ ಅಣುಗಳು ಕುಳಿಯ ಕುತ್ತಿಗೆಯ ಸುತ್ತ ಸುರುಳಿಯಾಗಿ ಸುತ್ತಿಕೊಂಡು, ಜಿಟಿಪಿ ಎಂಬ ಇಂಧನವನ್ನು ಉರಿಸಿ ಬಿಗಿದು, ಅದನ್ನು ತುಂಡರಿಸುವುವು. ಹಗ್ಗದ ಕುಣಿಕೆಯನ್ನು ಎಳೆದು ಚೀಲದ ಬಾಯನ್ನು ಬಿಗಿದಂತೆ ಇದು.

ಬೆಂಗಳೂರಿನ ಕೊಡುಗೆ

ಈ ಕಥೆಯಲ್ಲಿ ನಮ್ಮ ದೇಶದವರ, ಅದರಲ್ಲಿಯೂ ಬೆಂಗಳೂರಿನ ಪಾತ್ರ ಹಿರಿದು. ಒಬೈದ್ ಸಿದ್ದಿಖಿಯವರು ಅಮೆರಿಕದ ಸೀಮೂರ್ ಬೆನ್ಜರ್ ಅವರೊಡನೆ ಸೇರಿ 1976ರಲ್ಲಿ ಪ್ರಕಟಿಸಿದ ಲೇಖನವೊಂದು, ಶಾಖಕ್ಕೆ ಮರಗಟ್ಟುವ ನೊಣಗಳ ನರಗಳಲ್ಲಿ ಏನು ಕೆಡುವುದೆಂಬುದನ್ನು ವಿವರಿಸಿತು. ಅವರು ಪರೀಕ್ಷಿಸಿದ 'ಕೊಮಟೋಸ್' ಎಂಬ ಇನ್ನೊಂದು ಸಂತತಿಯಲ್ಲಿ ಕೆಟ್ಟಿರುವುದು, ಸಂಚಿಗಳನ್ನು ಪೊರೆಗೆ ಬೆಸೆಯುವ ಯಂತ್ರವನ್ನು ಮರಳಿ ಸಜ್ಜುಗೊಳಿಸುವ ಪ್ರೋಟೀನು ಎಂದು 1995ರಲ್ಲಿ ಸ್ಪಷ್ಟವಾಯಿತು. ಒಂದು ನೊಣದಲ್ಲಿ ಕತ್ತರಿ ಕೆಟ್ಟಿತ್ತು, ಇನ್ನೊಂದರಲ್ಲಿ ಬೆಸುಗೆಯ ಉಪಕರಣ ಕೆಟ್ಟಿತ್ತು ಎನ್ನಬಹುದು. ಸಿದ್ದಿಖಿಯವರೇ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಈ ಕೇಂದ್ರವು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿದೆ. ಅದೇ ಸಂಸ್ಥೆಯ ಕೆ. ಎಸ್. ಕೃಷ್ಣನ್ ಅವರು ಶಿಬಿರೆ ನೊಣವನ್ನು ಆಳವಾಗಿ ಅಭ್ಯಾಸಮಾಡಿ, ಡೈನಮಿನ್ ಕತ್ತರಿಗೆ ಜಿಟಿಪಿ ಇಂಧನವನ್ನು ಒದಗಿಸುವ ಸಹಾಯಕ ಪ್ರೋಟೀನೊಂದನ್ನು ಸಂಗಡಿಗರೊಡನೆ 2001ರಲ್ಲಿ ಪ್ರಕಟಪಡಿಸಿದರು.

ಕತ್ತರಿಯಿಲ್ಲದೆ ಸಂಚಿಯಾಗಲಾರದೆ? ಆಗಬಲ್ಲುದೆಂದು ಇದೇ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಅವರ ಶಿಷ್ಯರು ತೋರಿಸಿದರು. ಕ್ಲಾಥ್ರಿನ್ ಬುಟ್ಟಿಯೂ ಡೈನಮಿನ್ನೂ ಬೇಡದ, ಕೋಶದ ಒಳಹಂದರದ ಎಳೆಗಳ ಬಲದಿಂದ ನಡೆಯುವ ಬೇರೊಂದು ಪ್ರವೇಶಮಾರ್ಗವನ್ನು ಅವರು 2002ರಲ್ಲಿ ವಿವರಿಸಿದರು. ಸೊಪ್ಪುತರಕಾರಿಗಳಲ್ಲಿರುವ ಫೋಲೇಟ್ ಎಂಬ ಜೀವಸತ್ವವನ್ನು ಹಿಡಿಯುವ ಗ್ರಾಹಕವು ಈ ಮಾರ್ಗವಾಗಿ ಒಳಬರುವುದು. 2018ರಲ್ಲಿ ಅವರ ತಂಡವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಿಗ್ಗುವ ಹಾಳೆಯ ಮೇಲೆ ಕೋಶಗಳನ್ನು ಬೆಳೆಸಿ, ಹಾಳೆಯನ್ನು ಎಳೆದು ಬಿಟ್ಟರು. ಬಿಟ್ಟೊಡನೆ ಪೊರೆ ಸಡಿಲವಾಯಿತು. ಆಗ ಈ ಮಾರ್ಗವು ಚುರುಕಾಗಿ ಹೆಚ್ಚಿನ ಪೊರೆಯನ್ನು ಒಳಕ್ಕೆ ಎಳೆದುಕೊಂಡಿತು. ಪೊರೆ ಬಿಗಿಯಾದಾಗ ಮಾರ್ಗ ನಿಧಾನವಾಯಿತು. ಅಂದರೆ ಕೋಶವು ತನ್ನ ಹೊದಿಕೆಯ ಬಿಗಿತವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುವುದು. ವೀಣೆಯ ತಂತಿಯನ್ನು ಶ್ರುತಿಗೆ ತರುವ ವೈಣಿಕನಂತೆ ಎನ್ನೋಣ. ಇಲ್ಲಿ ವೀಣೆಯೂ ವೈಣಿಕನೂ ಒಬ್ಬನೆ.

ರಕ್ತಕಣ ಮತ್ತು ಮಲೇರಿಯಾ

ಇನ್ನು ನಮ್ಮ ಊರಿಗೆ ಬಹು ಸಮೀಪದ ವಿಷಯಕ್ಕೆ ಬರೋಣ. ಉತ್ತರ ಚೆನ್ನೈಯ ಜನರಿಗೆ ಮಲೇರಿಯಾ ಹೊಸದಲ್ಲ. ಬಾವಿಗಳಲ್ಲಿಯೂ ಮನೆಯ ಮೇಲಿನ ನೀರಿನ ತೊಟ್ಟಿಗಳಲ್ಲಿಯೂ ಮೊಟ್ಟೆಯಿಡುವ ಅನಾಫಿಲಿಸ್ ಸ್ಟೀಫೆನ್ಸೈ ಎಂಬ ಸೊಳ್ಳೆಯು ಪಟ್ಟಣಗಳಲ್ಲಿ ಇದನ್ನು ಹರಡುವುದು. ಚೆನ್ನೈಯಲ್ಲಿ ಬಹುಕಾಲದಿಂದ ಹೆಚ್ಚಾಗಿ ಕಂಡುಬಂದುದು ವೈವ್ಯಾಕ್ಸ್ ಎಂಬ ಜಾತಿಯ ಮಲೇರಿಯಾ.

ಕೆಂಪು ರಕ್ತಕಣವು ಎರಡು ಬದಿಯೂ ತಗ್ಗಾದ ಬಿಲ್ಲೆಯಂತಿದ್ದು 7 ರಿಂದ 8 ಮೈಕ್ರೊಮೀಟರು ಅಗಲವಿರುವುದು. ಆದರೆ ಅದು 3 ಮೈಕ್ರೊಮೀಟರು ಅಗಲದ ಲೋಮನಾಳದಲ್ಲಿಯೂ ನುಸುಳಬೇಕು. ಹೇಗೆ ಸಾಧ್ಯ? ಲೆಕ್ಕಮಾಡೋಣ. ಕಣದ ಗಾತ್ರ ಸುಮಾರು 90 ಘನ ಮೈಕ್ರೊಮೀಟರು. ಇಷ್ಟು ಗಾತ್ರದ ಗೋಳವನ್ನು ಮುಚ್ಚಲು 97 ಚದರ ಮೈಕ್ರೊಮೀಟರು ಪೊರೆ ಸಾಕು. ಆದರೆ ಕಣಕ್ಕೆ ಇರುವ ಪೊರೆಯು ಸುಮಾರು 140. ನೂರಕ್ಕೆ ನಲವತ್ತರಷ್ಟು ಹೆಚ್ಚಿನ ಬಟ್ಟೆ! ಈ ಸಡಿಲ ಬಟ್ಟೆಯ ದೆಸೆಯಿಂದ ಕಣವು ಮಡಿಚಿ, ಉದ್ದವಾಗಿ, ನುಸುಳಿ, ಮತ್ತೆ ಬಿಲ್ಲೆಯಾಗುವುದು. ಸುಮಾರು 120 ದಿನ ಹೀಗೆ ದುಡಿಯುವುದು.

ಎಳೆಯ ರಕ್ತಕಣಕ್ಕೆ ಈ ರೂಪವಿರುವುದಿಲ್ಲ. ಮಜ್ಜೆಯಿಂದ ಹೊರಟ ಒಂದೆರಡು ದಿನಗಳಲ್ಲಿ ಅದು ತನ್ನ ಪೊರೆಯನ್ನು ಕತ್ತರಿಸಿ ಹೊಲಿದುಕೊಳ್ಳುವುದು. ಹಿಮೋಗ್ಲೋಬಿನ್ ತಯಾರಿಸಲು ಕಬ್ಬಿಣವನ್ನು ಒಳತರುತ್ತಿದ್ದ ಟ್ರಾನ್ಸ್‌ಫೆರಿನ್ ಗ್ರಾಹಕಗಳು ಇನ್ನು ಬೇಡವಾದುದರಿಂದ ಅವನ್ನು ಅತಿ ಸಣ್ಣ ಸಂಚಿಗಳಲ್ಲಿಟ್ಟು ಹೊರಗೆ ಬಿಸಾಡುವುದು. ಇದನ್ನು ಅಮೆರಿಕ ಮತ್ತು ಕೆನಡಾದ ಎರಡು ತಂಡಗಳು ಇಲಿಯ ಮತ್ತು ಕುರಿಯ ರಕ್ತದಲ್ಲಿ 1983ರಲ್ಲಿ ಕಂಡುಹಿಡಿದುವು. ಬಹುಕಾಲ ಇದು ಬರಿಯ ಕಸವೆಂದು ತೋರಿತು. ಆದರೆ 2018ರಲ್ಲಿ ಒಂದು ಸಂಗತಿ ಹೊರಬಿದ್ದಿತು: ವೈವ್ಯಾಕ್ಸ್ ಪರೋಪಜೀವಿಯು ರಕ್ತಕಣವನ್ನು ಹಿಡಿಯಲು ಇದೇ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ಹಿಡಿಕೆಯಾಗಿ ಬಳಸುವುದು. ಬಲಿತ ಕಣದಲ್ಲಿ ಹಿಡಿಕೆಯಿಲ್ಲ. ವೈವ್ಯಾಕ್ಸ್ ಎಳೆಯ ಕಣಗಳನ್ನೇ ಹೊಗುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇದು ಬಹುಮಟ್ಟಿನ ಉತ್ತರ. ಮನೆಯವನು ಹಳೆಯ ಏಣಿಯನ್ನು ಹೊರಗೆಸೆದನು. ಕಳ್ಳನಿಗೆ ಹತ್ತುವ ದಾರಿ ತಪ್ಪಿತು.

ಬಲಿತ ರಕ್ತಕಣಕ್ಕೆ ಕೋಶಕೇಂದ್ರವಿಲ್ಲ. ತಾನಾಗಿ ಏನನ್ನೂ ನುಂಗುವ ಶಕ್ತಿಯೂ ಇಲ್ಲ. ಎಳೆಯದಾಗಲಿ ಬಲಿತದಾಗಲಿ, ಕಣವನ್ನು ಹೊಗುವ ಕೆಲಸವನ್ನು ಪರೋಪಜೀವಿಯೇ ಮಾಡಿಕೊಳ್ಳುವುದು. ಒಂದರಿಂದ ಎರಡು ಮೈಕ್ರೊಮೀಟರು ಉದ್ದದ ಅದು ಪೊರೆಯನ್ನು ಹರಿಯದೆ, ಒಳಕ್ಕೆ ತಳ್ಳುತ್ತ, ಆ ಪೊರೆಯನ್ನೇ ಹೊದ್ದುಕೊಂಡು, ಅರ್ಧ ನಿಮಿಷದೊಳಗಾಗಿ ಒಳಸೇರುವುದು. ಸೇರಿದ ಮೇಲೆ ಮನೆಯನ್ನೂ ತನಗೆ ಬೇಕಾದಂತೆ ಮಾರ್ಪಡಿಸುವುದು. ವೈವ್ಯಾಕ್ಸ್ ಹೊಕ್ಕ ಕಣ ಮೆತ್ತಗಾಗಿ, ಅದರ ಮೈಯಲ್ಲಿ ಸಣ್ಣ ಕುಳಿಗಳಾಗುವುವು. ಬಣ್ಣಹಾಕಿ ನೋಡಿದರೆ ಇವೇ ಷುಫ್ನರ್ ಚುಕ್ಕೆಗಳಾಗಿ ಕಾಣುವುವು. ರಕ್ತಪರೀಕ್ಷೆಯಲ್ಲಿ ಜಾತಿಯನ್ನು ಗುರುತಿಸಲು ಇವು ಸಹಾಯಕ. ಫಾಲ್ಸಿಪಾರಮ್ ಎಂಬ ಘೋರ ಜಾತಿಯಾದರೊ ಕಣವನ್ನು ಗಡುಸುಮಾಡಿ, ಮೈಮೇಲೆ ಗುಬುಟುಗಳನ್ನು ಎಬ್ಬಿಸಿ, ರಕ್ತನಾಳದ ಗೋಡೆಗೆ ಅಂಟುವಂತೆ ಮಾಡುವುದು. ಮೆದುಳಿನ ಲೋಮನಾಳಗಳು ಹೀಗೆ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ.

ವೈವ್ಯಾಕ್ಸ್ ಕೊಲ್ಲುವುದು ವಿರಳವೆಂದು ಉದಾಸೀನ ಮಾಡಬಾರದು. ಅದರ ಕೆಲವು ಮರಿಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಎದ್ದುಬರುವುವು. ಆದುದರಿಂದ ಜ್ವರ ಇಳಿಯಿತೆಂದು ಔಷಧವನ್ನು ನಡುವೆ ಬಿಡದೆ, ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಬೇಕು. ನೀರಿನ ತೊಟ್ಟಿಯ ಮುಚ್ಚಳವನ್ನು ಸಂದಿಲ್ಲದಂತೆ ಮುಚ್ಚುವುದು ಅದಕ್ಕಿಂತಲೂ ಮೊದಲಿನ ಕರ್ತವ್ಯ.

ಮಾಡಿ ನೋಡಿ

1. ಒಂದೇ ಅಳತೆಯ, ಸುಮಾರು 6 ಸೆಂಟಿಮೀಟರು ಅಗಲದ ಎರಡು ಬಳೆಗಳನ್ನು ಸಾಬೂನಿನ ನೀರಿನಲ್ಲಿ ಒಟ್ಟಿಗೆ ಅದ್ದಿ ಮೇಲೆತ್ತಿ, ಮೆಲ್ಲನೆ ದೂರ ಸರಿಸಿ. ನಡುವೆ ಒಂದು ತೆಳುಪರದೆ ಉಳಿದಿದ್ದರೆ ಬೆರಳಿನಿಂದ ಒಡೆಯಿರಿ. ಬಳೆಗಳ ನಡುವೆ ಉಡುಕೆಯ ಆಕಾರದ ಸಾಬೂನಿನ ಕೊಳವೆ ಕಾಣುವುದು. ದೂರ ಸುಮಾರು 4 ಸೆಂಟಿಮೀಟರು ಆಗುವಾಗ ನಡು ಕಿರಿದಾಗಿ ಥಟ್ಟನೆ ತುಂಡಾಗಿ, ಎರಡು ಬಳೆಗಳಲ್ಲಿಯೂ ಬೇರೆ ಬೇರೆ ಪರದೆ ನಿಲ್ಲುವುದು. ಸಾಬೂನಿನ ಪರದೆಯು ತಾನೇ ಕುಗ್ಗಲು ಹವಣಿಸುತ್ತಿರುವುದರಿಂದ ಇದು ತಾನಾಗಿ ನಡೆಯಿತು. ಕೋಶದ ಪೊರೆಗೆ ಆ ಹವಣಿಕೆಯಿಲ್ಲ. ಅದು ಬಾಗುವುದನ್ನು ತಡೆಯುವುದು. ಆ ಕಾರಣದಿಂದಲೇ ಅದಕ್ಕೆ ಡೈನಮಿನ್ ಬೇಕಾಯಿತು.

2. ಕೆಂಪು ಈರುಳ್ಳಿಯ ಬಣ್ಣದ ಸಿಪ್ಪೆಯನ್ನು ತೆಳುವಾಗಿ ಸುಲಿದು ಸೂಕ್ಷ್ಮದರ್ಶಕದಲ್ಲಿಟ್ಟು, ಅಂಚಿನಿಂದ ಉಪ್ಪುನೀರನ್ನು ಹನಿಸಿ. ಪೊರೆಯು ಕೋಶಭಿತ್ತಿಯಿಂದ ಬಿಟ್ಟು ಕುಗ್ಗುವುದನ್ನೂ, ಸಿಹಿನೀರು ಹನಿಸಿದರೆ ಮತ್ತೆ ಹರಡುವುದನ್ನೂ ಕಾಣಬಹುದು.

ಪ್ರಶ್ನೆಗಳು

1. ಪೊರೆಯು ರಬ್ಬರಿನಂತೆ ಹಿಗ್ಗದಿದ್ದರೂ ಕೋಶವು ಆಕಾರವನ್ನು ಬದಲಾಯಿಸುವುದು ಹೇಗೆ?
2. ಗೋಳಾಕಾರದ ಬುಟ್ಟಿಗೆ ಪಂಚಕೋನಗಳು ಏಕೆ ಅವಶ್ಯಕ? ಕಾಲ್ಚೆಂಡಿನಿಂದ ಉದಾಹರಿಸಿ.
3. ಶಿಬಿರೆ ನೊಣವು ಬಿಸಿಯಲ್ಲಿ ಮರಗಟ್ಟಿ, ತಂಪಿನಲ್ಲಿ ಚೇತರಿಸಿಕೊಳ್ಳುವುದಕ್ಕೆ ಕಾರಣವೇನು?
4. ಎಳೆಯ ರಕ್ತಕಣವು ತನ್ನ ಪೊರೆಯಲ್ಲಿ ಮಾಡಿಕೊಳ್ಳುವ ಬದಲಾವಣೆಗೂ ವೈವ್ಯಾಕ್ಸ್ ಮಲೇರಿಯಾಕ್ಕೂ ಇರುವ ಸಂಬಂಧವನ್ನು ವಿವರಿಸಿ.

ಇನ್ನು ಮುಂದೆ ಜೀವಕೋಶದ ಚಿತ್ರ ಬರೆಯುವಾಗ ಹೊರಗೆರೆಯನ್ನು ಒಂದೇ ಎಳೆತದಲ್ಲಿ ದುಂಡಗೆ ಎಳೆದು ಮುಗಿಸಬೇಡಿ. ಅಲ್ಲಲ್ಲಿ ಒಂದು ಕುಳಿಯನ್ನೂ, ಕಳಚಿಕೊಳ್ಳುತ್ತಿರುವ ಒಂದು ಸಂಚಿಯನ್ನೂ ಬರೆಯಿರಿ. ಚಿತ್ರ ಸ್ವಲ್ಪ ಸೊಟ್ಟಗಾದರೂ ಅದು ಬದುಕಿರುವ ಕೋಶದ ಚಿತ್ರವಾಗುವುದು.